ಒಂದೇ ರಸ್ತೆಯ ಊರು

ನಮ್ಮ ವಿಶ್ವವಿದ್ಯಾಲಯಗಳ ಆಮಂತ್ರಣ ಪತ್ರಿಕೆಗಳಲ್ಲಿ ‘ಅಂತರ್‌ಶಿಸ್ತೀಯ’ (ಅಂದರೆ ಬೇರೆ ಬೇರೆ ಶಾಸ್ತ್ರಗಳನ್ನು ಕೂಡಿಸುವ) ಎಂಬ ಪದ ಈಗ ‘ತಮಗೆ ಆದರದ ಸ್ವಾಗತ’ದಷ್ಟೇ ಸಲೀಸು. ಅಂಥ ಸಂಕಿರಣ ನಿಜಕ್ಕೂ ಎಷ್ಟು ಅಂತರ್‌ಶಿಸ್ತೀಯ ಅಂತ ತಿಳಿಯಲು ಸಭಾಂಗಣದೊಳಗೆ ಕೂರಬೇಕಾಗಿಲ್ಲ. ಹನ್ನೊಂದೂಕಾಲರ ಚಹಾ ವಿರಾಮದಲ್ಲಿ ವರಾಂಡದ ತುದಿಗೆ ನಿಂತರೆ ಸಾಕು. ಅರ್ಥಶಾಸ್ತ್ರದವರು ಒಂದು ಕಂಬದ ಸುತ್ತ, ಕನ್ನಡ ಅಧ್ಯಯನದವರು ಇನ್ನೊಂದು ಕಂಬದ ಸುತ್ತ. ಭೌತವಿಜ್ಞಾನ ವಿಭಾಗದಿಂದ ಬಂದ ಒಬ್ಬರೇ ಒಬ್ಬರು ಫೋನು ನೋಡುತ್ತ ಬೋಂಡಾ ಮುಗಿಸುತ್ತಿರುತ್ತಾರೆ. ಊಟವಾದ ಮೇಲೆ ಅರ್ಧ ಸಭಾಂಗಣ ಖಾಲಿ. ಟ್ರಾಫಿಕ್ ಏರುವ ಮೊದಲು ಸಿಲ್ಕ್ ಬೋರ್ಡ್ ದಾಟಬೇಕಲ್ಲ. ಮುಂದಿನ ವರ್ಷ ಸಂಘಟಕರು ಇನ್ನೂ ವಿಶಾಲವಾದ ವಿಷಯ, ಇನ್ನೂ ದೊಡ್ಡ ಹೆಸರುಗಳನ್ನು ಹುಡುಕುತ್ತಾರೆ. ಕಂಬಗಳ ಸುತ್ತಿನ ಗುಂಪುಗಳು ಹಾಗೆಯೇ ಇರುತ್ತವೆ.

ಈ ಕಂಬದ ಸಮಸ್ಯೆಯ ಬಗ್ಗೆ ಯೋಚಿಸುವಾಗಲೆಲ್ಲ ಆಸ್ಟ್ರಿಯಾದ ಒಂದು ಹಳ್ಳಿ ಎದುರಿಗೆ ಬರುತ್ತದೆ. ತಿರೋಲ್ ಪ್ರಾಂತ್ಯದ ಆಲ್ಪ್‌ಬಾಖ್. ಇನ್ ನದಿಯ ಕಣಿವೆಯಿಂದ ಪಕ್ಕಕ್ಕೆ ಸರಿದು, ಮೇಲಕ್ಕೆ ಹತ್ತಿ ಕೂತ ಊರು. ಎತ್ತರ 1000 ಮೀಟರಿಗೆ ಸ್ವಲ್ಪ ಕಡಿಮೆ, ಜನಸಂಖ್ಯೆ ಎರಡೂವರೆ ಸಾವಿರದ ಆಸುಪಾಸು. ಮೋಟಾರು ರಸ್ತೆ ಬಂದದ್ದೇ 1926ರಲ್ಲಿ. 1945ರಿಂದ ಇಲ್ಲಿ ಆಗಸ್ಟ್ ತಿಂಗಳ ಉತ್ತರಾರ್ಧದಲ್ಲಿ ದೇಶವಿದೇಶಗಳ ವಿಜ್ಞಾನಿಗಳು, ತತ್ತ್ವಶಾಸ್ತ್ರಜ್ಞರು, ರಾಜಕಾರಣಿಗಳು, ಕವಿಗಳು, ವಿದ್ಯಾರ್ಥಿಗಳು ಎರಡು ವಾರದ ಮಟ್ಟಿಗೆ ಬಂದು ಸೇರುತ್ತಾರೆ. ಯುರೋಪಿಯನ್ ಫೋರಂ ಆಲ್ಪ್‌ಬಾಖ್ ಅಂತ ಹೆಸರು. ಹೆಗ್ಗೋಡಿನ ಅಕ್ಟೋಬರ್ ಶಿಬಿರಕ್ಕೆ ಹೋಗಿ ಬಂದವರಿಗೆ ಇದರ ಅರ್ಧ ವಿವರಣೆ ಬೇಕಾಗಿಲ್ಲ. ಉಳಿದರ್ಧ ಮಾತ್ರ ಬೇರೆ ಥರದ್ದು.

ನನ್ನ ವಾದ ಸರಳ. ಆಲ್ಪ್‌ಬಾಖ್‌ನಲ್ಲಿ ಬೇರೆ ಬೇರೆ ಶಾಸ್ತ್ರದವರು ಒಬ್ಬರಿಗೊಬ್ಬರು ಮಾತಾಡಿದ್ದಕ್ಕೆ ಕಾರಣ ಅಲ್ಲಿಯ ವಿಷಯಪಟ್ಟಿಗಿಂತ ಹೆಚ್ಚಾಗಿ ಅಲ್ಲಿಯ ಹಾಸಿಗೆಗಳ ಲೆಕ್ಕ, ರಸ್ತೆಯ ಲೆಕ್ಕ, ಬಸ್ಸಿನ ವೇಳಾಪಟ್ಟಿ. ಆ ಕೂಟ ಸೊರಗಿದಾಗೆಲ್ಲ ಕೆಟ್ಟದ್ದೂ ಇದೇ ಲೆಕ್ಕಗಳು.

ಯುದ್ಧ ಮುಗಿದ ಬೇಸಿಗೆ

ಯುರೋಪಿನಲ್ಲಿ ಯುದ್ಧ ಮುಗಿದದ್ದು 1945ರ ಮೇ 8ಕ್ಕೆ. ಆಲ್ಪ್‌ಬಾಖ್‌ನ ಮೊದಲ ಕೂಟ ಶುರುವಾದದ್ದು ಅದೇ ಆಗಸ್ಟ್ ಕೊನೆಯ ವಾರದಲ್ಲಿ. ನಾಲ್ಕು ತಿಂಗಳೂ ಕಳೆದಿರಲಿಲ್ಲ. ತಿರೋಲ್ ಆಗ ಫ್ರೆಂಚ್ ಸೇನೆಯ ಕೈಯಲ್ಲಿತ್ತು. ನಗರಗಳ ಮೇಲೆ ಬಾಂಬು ಬಿದ್ದಿತ್ತು, ರೈಲುಗಳು ಸರಿಯಾಗಿ ಓಡುತ್ತಿರಲಿಲ್ಲ, ರೇಷನ್ ಚೀಟಿಯ ಕಾಲ. ನಾತ್ಸಿಗಳ ವಿರುದ್ಧ ಭೂಗತನಾಗಿ ಕೆಲಸ ಮಾಡಿದ್ದ ಓಟೊ ಮೋಲ್ಡೆನ್ ಎಂಬ ಯುವಕ ಮತ್ತು ಇನ್ಸ್‌ಬ್ರುಕ್ಕಿನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ಸಿಮೋನ್ ಮೋಸರ್ ಸೇರಿ ‘ಅಂತಾರಾಷ್ಟ್ರೀಯ ವಿಶ್ವವಿದ್ಯಾಲಯ ವಾರಗಳು’ ಅಂತ ಹೆಸರಿಟ್ಟು ಜನರನ್ನು ಕರೆದರು. (ಮೋಲ್ಡೆನ್‌ನ ತಾಯಿ ಪೌಲಾ ಫಾನ್ ಪ್ರೆರಾದೋವಿಚ್ ಕವಿ; ಆಸ್ಟ್ರಿಯಾದ ಇಂದಿನ ರಾಷ್ಟ್ರಗೀತೆ ಆಕೆ ಬರೆದದ್ದು. ಊರಿನಲ್ಲಿ ಫೋರಂ ಕಟ್ಟಿಕೊಂಡ ಹಳೆಯ ಕಟ್ಟಡಕ್ಕೆ ಆಕೆಯದೇ ಹೆಸರು.)

ವಿಯೆನ್ನಾ ಬಿಟ್ಟು ಹಳ್ಳಿಗೇಕೆ ಹೋದರು ಅನ್ನುವುದಕ್ಕೆ ದೊಡ್ಡ ತಾತ್ವಿಕ ಉತ್ತರ ಕೊಡಬಹುದು. ನನಗೆ ಹೆಚ್ಚು ಹಿಡಿಸುವುದು ಚಿಕ್ಕ ಉತ್ತರ. ಹಳ್ಳಿಯಲ್ಲಿ ಮನೆಗಳಿಗೆ ಸೂರು ಉಳಿದಿತ್ತು, ಕೊಟ್ಟಿಗೆಯಲ್ಲಿ ಹಸು ಇತ್ತು, ಅಂದರೆ ಹಾಲು ಮತ್ತು ಚೀಸ್ ಇತ್ತು. ಬೋಗ್ಲರ್‌ಹೋಫ್ ಎಂಬ ಹಳೆಯ ವಸತಿಗೃಹವಿತ್ತು. ಅಲ್ಲಿ ಹಿಡಿಸದವರಿಗೆ ರೈತರ ಮನೆಯ ಕೋಣೆಗಳು. ದಾರ್ಶನಿಕನೊಬ್ಬ ಬೆಳಿಗ್ಗೆ ಮುಖ ತೊಳೆಯುವಾಗ ಪಕ್ಕದಲ್ಲಿ ರೈತ ಹಾಲಿನ ಕ್ಯಾನು ತೊಳೆಯುತ್ತಿರುತ್ತಾನೆ. ಸಂಜೆ ಬೇಸರವಾದರೆ ಹೋಗಲು ಸಿನಿಮಾ ಇಲ್ಲ, ನಾಟಕವಿಲ್ಲ, ಪರಿಚಯದವರ ಮನೆ ಇಲ್ಲ. ಇರುವುದು ಬೋಗ್ಲರ್‌ಹೋಫಿನ ಮೇಜುಗಳು, ಚರ್ಚಿನ ಮುಂದಿನ ಜಾಗ, ಊರನ್ನು ಸೀಳುವ ಒಂದೇ ರಸ್ತೆ. ಎಷ್ಟು ಸಲ ತಪ್ಪಿಸಿಕೊಂಡರೂ ಅದೇ ಮನುಷ್ಯ ಮತ್ತೆ ಎದುರಾಗುತ್ತಾನೆ. ಮೂರನೆಯ ಸಲ ಎದುರಾದಾಗ ನಿಂತು ಮಾತಾಡಲೇಬೇಕಾಗುತ್ತದೆ. ನಗರದ ಸಂಕಿರಣದಲ್ಲಿ ಈ ಮೂರನೆಯ ಸಲ ಬರುವುದೇ ಇಲ್ಲ.

ಊರಿನ ರೂಪವೂ ತಾನಾಗಿ ಉಳಿದದ್ದಲ್ಲ. 1953ರಲ್ಲಿ ಪಂಚಾಯಿತಿ ಒಂದು ಕಟ್ಟಡ ನಿಯಮ ಮಾಡಿತು: ಹೊಸ ಮನೆಯೂ ಹಳೆಯ ಮನೆಯ ಮಾದರಿಯಲ್ಲೇ ಏಳಬೇಕು. ಕೆಳ ಅಂತಸ್ತಿಗೆ ಕಲ್ಲು ಗಾರೆ, ಮೇಲಿನದಕ್ಕೆ ಮರ, ತಗ್ಗು ಇಳಿಜಾರಿನ ಮಾಡು, ಉದ್ದಕ್ಕೂ ಮರದ ಬಾಲ್ಕನಿ. ಹಾಗಾಗಿ ಪ್ರವಾಸೋದ್ಯಮದ ದುಡ್ಡು ಹರಿದು ಬಂದ ಮೇಲೂ ಗಾಜಿನ ಬಹುಮಹಡಿ ಹೋಟೆಲು ಅಲ್ಲಿ ಏಳಲಿಲ್ಲ. ಬಾಲ್ಕನಿಗಳಿಂದ ಇಳಿಬಿದ್ದ ಕೆಂಪು ಜೆರೇನಿಯಂ ಹೂಗಳಿಗಾಗಿ ಊರಿಗೆ ‘ಅತಿ ಸುಂದರ ಹಳ್ಳಿ’ಯ ಪ್ರಶಸ್ತಿಗಳು ಬಂದವು. ಪ್ರವಾಸಿಗಳು ಹೂವಿನ ಫೋಟೊ ತೆಗೆಯುತ್ತಾರೆ. ಸಂವಾದದ ದೃಷ್ಟಿಯಿಂದ ಈ ನಿಯಮದ ಫಲ ಬೇರೆ. ನಾಲ್ಕುನೂರು ಕೋಣೆಯ ಒಂದೇ ಹೋಟೆಲಿಲ್ಲದ ಊರಿನಲ್ಲಿ ಮಂತ್ರಿಯೂ ವಿದ್ಯಾರ್ಥಿಯೂ ಬೆಳಿಗ್ಗೆ ಅದೇ ಏರುದಾರಿಯಲ್ಲಿ ಏದುಸಿರು ಬಿಡುತ್ತ ನಡೆಯಬೇಕು.

ಕೋಲು ಹಿಡಿದ ಕಾರ್ಯದರ್ಶಿ

1948ರ ಆಗಸ್ಟ್. ಮುಂದೆ ವಿಜ್ಞಾನದ ತತ್ತ್ವಶಾಸ್ತ್ರಜ್ಞನಾಗಿ ಹೆಸರಾಗಲಿದ್ದ, ಇಪ್ಪತ್ತನಾಲ್ಕು ವರ್ಷದ ಪೌಲ್ ಫೈಯರಾಬೆಂಟ್ ವಿಯೆನ್ನಾದಿಂದ ಆಲ್ಪ್‌ಬಾಖ್‌ಗೆ ಬರುತ್ತಾನೆ. ಯುದ್ಧದ ಕೊನೆಯ ತಿಂಗಳುಗಳಲ್ಲಿ ಬೆನ್ನುಮೂಳೆಗೆ ಗುಂಡು ತಾಗಿ ಕೋಲು ಹಿಡಿದೇ ನಡೆಯುವ ಹುಡುಗ. ಇತಿಹಾಸ ಓದಲು ಹೋಗಿ, ಬೇಸತ್ತು ಭೌತವಿಜ್ಞಾನಕ್ಕೆ ಬಂದವನು. ಜೊತೆಗೆ ಸಂಗೀತದ ಹುಚ್ಚು, ಒಳ್ಳೆಯ ಕಂಠ. ಆಹ್ವಾನಿತ ವಿದ್ವಾಂಸನಾಗಿ ಬಂದವನಲ್ಲ. ಗೋಷ್ಠಿಯ ಕಾರ್ಯದರ್ಶಿಯ ಕೆಲಸಕ್ಕೆ ಬಂದವನು. ಅದೇ ವರ್ಷ ಲಂಡನ್ನಿನಿಂದ ತತ್ತ್ವಶಾಸ್ತ್ರಜ್ಞ ಕಾರ್ಲ್ ಪಾಪರ್ ಬಂದಿದ್ದ. ಜರ್ಮನ್ ತತ್ತ್ವಶಾಸ್ತ್ರದ ಭಾರಿ ಕುಳಗಳೆದುರು ಪಾಪರ್ ತೋರಿಸಿದ ಸಲಿಗೆ, ಅವರ ಗಾಂಭೀರ್ಯಕ್ಕೆ ಸೊಪ್ಪು ಹಾಕದ ಧೋರಣೆ, ತಮಾಷೆ ಇವೇ ಈ ಹುಡುಗನನ್ನು ಸೆಳೆದವು. ಮುಂದೆ ಆತನೇ ಇದನ್ನು ಬರೆದುಕೊಂಡಿದ್ದಾನೆ.

ಪಾಪರ್ ಲಂಡನ್ನಿನಲ್ಲಿ ಭಾಷಣ ಮಾಡಿದ್ದರೆ ಈ ಹುಡುಗ ಮೂವತ್ತನೆಯ ಸಾಲಿನಲ್ಲಿ ಕೂತು, ಕೇಳಿ, ಎದ್ದು ಹೋಗುತ್ತಿದ್ದ. ಹಳ್ಳಿಯಲ್ಲಿ ಭಾಷಣದ ಮಾರನೆಯ ದಿನವೂ ಪಾಪರ್ ಅಲ್ಲೇ ಇದ್ದ. ಊಟದ ಮೇಜಿನಲ್ಲಿದ್ದ, ರಸ್ತೆಯಲ್ಲಿದ್ದ. ಅಲ್ಲಿ ಬೆಳೆದ ಪರಿಚಯ ಎಲ್ಲೆಲ್ಲಿಗೋ ಹೋಯಿತು. ಮರುವರ್ಷ ವಿಯೆನ್ನಾದಲ್ಲಿ, ಆಲ್ಪ್‌ಬಾಖ್ ಕೂಟ ನಡೆಸುತ್ತಿದ್ದ ಸಂಸ್ಥೆಯ ಆಶ್ರಯದಲ್ಲೇ, ದಾರ್ಶನಿಕ ವಿಕ್ಟರ್ ಕ್ರಾಫ್ಟ್ ಸುತ್ತ ವಿದ್ಯಾರ್ಥಿಗಳ ಒಂದು ಚಿಕ್ಕ ಚರ್ಚಾಕೂಟ ಹುಟ್ಟಿತು. ಹೆಸರಾಂತ ತತ್ತ್ವಶಾಸ್ತ್ರಜ್ಞ ವಿಟ್‌ಗೆನ್‌ಸ್ಟೈನ್ ಕೂಡ ಒಮ್ಮೆ ಅಲ್ಲಿಗೆ ಬಂದ. ಅವನ ಕೈಕೆಳಗೆ ಓದಲು ಇಂಗ್ಲೆಂಡಿಗೆ ಹೋಗಬೇಕೆಂದು ಫೈಯರಾಬೆಂಟ್ ವಿದ್ಯಾರ್ಥಿವೇತನ ಪಡೆದ. 1951ರಲ್ಲಿ ವಿಟ್‌ಗೆನ್‌ಸ್ಟೈನ್ ತೀರಿಕೊಂಡದ್ದರಿಂದ ಮರುವರ್ಷ ಪಾಪರ್ ಹತ್ತಿರವೇ ಹೋದ. ಮುಂದೆ ಅದೇ ಪಾಪರ್‌ನ ವಿಚಾರಗಳನ್ನು ಬುಡಸಮೇತ ಅಲ್ಲಾಡಿಸಲು ಹೊರಟ. ಇಪ್ಪತ್ತನೆಯ ಶತಮಾನದ ವಿಜ್ಞಾನದ ತತ್ತ್ವಶಾಸ್ತ್ರದ ಅತಿ ಗದ್ದಲದ ಜಗಳಕ್ಕೆ ಅಡಿಪಾಯ ಬಿದ್ದದ್ದು ಒಬ್ಬ ಕಾರ್ಯದರ್ಶಿಗೆ ಊಟದ ಮೇಜಿನಲ್ಲಿ ಜಾಗ ಸಿಕ್ಕಿದ್ದರಿಂದ.

ಇಂಥ ಕೂಟ ನಡೆಸುವವರು ಇದರಿಂದ ಒಂದು ವಿಷಯ ಎತ್ತಿಕೊಳ್ಳಬಹುದು. ಟಿಪ್ಪಣಿ ಬರೆಯುವ, ಮೈಕು ಹಿಡಿಯುವ, ನೋಂದಣಿ ಮೇಜಿನಲ್ಲಿ ಕೂರುವ ವಿದ್ಯಾರ್ಥಿಗಳಿಗೆ ಬೇರೆ ಪಂಕ್ತಿ ಹಾಕಬೇಡಿ. ನಮ್ಮಲ್ಲಿ ‘ವಾಲಂಟಿಯರ್‌ಗಳ ಊಟ ಕೊನೆಗೆ’ ಎಂಬುದೊಂದು ಅಲಿಖಿತ ನಿಯಮ. ಎರಡು ಗಂಟೆಗೆ ಅವರು ಎಲೆ ಹಾಕುವಷ್ಟರಲ್ಲಿ ಅತಿಥಿಗಳು ಕಾರು ಹತ್ತಿರುತ್ತಾರೆ.

ಎಪ್ಪತ್ತೈದು ನಿಮಿಷದ ಗಣಿತ

ಹಳ್ಳಿ ಇದ್ದಮಾತ್ರಕ್ಕೆ ಎಲ್ಲ ತಾನಾಗಿ ಆಗುವುದಿಲ್ಲ. ಕಾರ್ಯಕ್ರಮದ ಹೊಂದಿಕೆಯೇ ಸಂವಾದವನ್ನು ಕೊಲ್ಲಬಲ್ಲದು, ಅದರಲ್ಲೂ ಎಲ್ಲರಿಗೂ ಪ್ರಿಯವಾದ ಪ್ಯಾನೆಲ್ ಚರ್ಚೆ. ಐದು ಜನರ ಪ್ಯಾನೆಲ್‌ಗೆ 75 ನಿಮಿಷ ಅಂತಿಟ್ಟುಕೊಳ್ಳಿ. ನಿರ್ವಾಹಕರ ಪೀಠಿಕೆ 5. ಒಬ್ಬೊಬ್ಬರ ಆರಂಭದ ಮಾತು 7ರಂತೆ 35. ಅಲ್ಲಿಗೆ 40 ಆಯಿತು. ಎರಡನೆಯ ಸುತ್ತು ತಲಾ 3ರಂತೆ 15. ಶುರುವಾದದ್ದೇ 5 ನಿಮಿಷ ತಡ. ಉಳಿದದ್ದು 15. ಪ್ರಶ್ನೆಗೆ 2, ಉತ್ತರಕ್ಕೆ 3 ಅಂದರೆ ಸಭೆಗೆ ಸಿಕ್ಕಿದ್ದು ಮೂರು ಪ್ರಶ್ನೆ. ಆ ಮೂರರಲ್ಲೊಂದು ಪ್ರಶ್ನೆಯಾಗಿರದೆ ಭಾಷಣವಾಗಿರುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. ಇನ್ನೂ ಕೆಟ್ಟದ್ದೆಂದರೆ ವೇದಿಕೆಯ ಐವರೂ ಒಬ್ಬರಿಗೊಬ್ಬರು ಏನೂ ಹೇಳಿರುವುದಿಲ್ಲ. ಐವರೂ ಸಭೆಗೆ ಹೇಳಿರುತ್ತಾರೆ.

ಆಲ್ಪ್‌ಬಾಖ್‌ನ ಹಳೆಯ ಅಚ್ಚು ಬೇರೆ: ವಾರವಿಡೀ ಎಳೆಯುವ ಸೆಮಿನಾರು. ಇದರ ಗಣಿತ ನೋಡಿ. ಇಪ್ಪತ್ತೈದು ಜನ, ಆರು ಬೆಳಿಗ್ಗೆ, ದಿನಕ್ಕೆ ಮೂರು ಗಂಟೆ. ಒಟ್ಟು 1,080 ನಿಮಿಷ. ನಡೆಸಿಕೊಡುವವರು ಅರ್ಧ ತಿಂದರೂ ಉಳಿದ 540ರಲ್ಲಿ ತಲಾ ಇಪ್ಪತ್ತು ನಿಮಿಷಕ್ಕೆ ಮೋಸವಿಲ್ಲ. ಒಬ್ಬ ಮನುಷ್ಯ ಇಪ್ಪತ್ತು ನಿಮಿಷ ಮಾತಾಡಿದರೆ ಅವನ ತಪ್ಪುಗಳೂ ಹೊರಬರುತ್ತವೆ, ಮತ್ತು ಅಂತರ್‌ಶಿಸ್ತೀಯ ಚರ್ಚೆಗೆ ಬೇಕಾದದ್ದು ಅದೇ. ಏಳು ನಿಮಿಷ ಮಾತ್ರ ಸಿಕ್ಕವನು ತನ್ನ ಶಾಸ್ತ್ರದ ಜಾಹೀರಾತು ಓದಿ ಇಳಿಯುತ್ತಾನೆ.

ನಡೆಸಿಕೊಡುವವರು ಇಬ್ಬರಿರಬೇಕು, ಬೇರೆ ಬೇರೆ ಶಾಸ್ತ್ರದವರಿರಬೇಕು. ಒಬ್ಬರೇ ಇದ್ದರೆ ಮೂರನೆಯ ದಿನಕ್ಕೆ ಅದು ಅವರ ಪಾಠವಾಗಿ ಬಿಡುತ್ತದೆ. ಇಬ್ಬರಿದ್ದರೆ ಒಬ್ಬರು ‘ಇದು ಎಲ್ಲರಿಗೂ ಗೊತ್ತಿರುವುದೇ’ ಅಂದ ಕೂಡಲೇ ಇನ್ನೊಬ್ಬರು ‘ನನಗೆ ಗೊತ್ತಿಲ್ಲ’ ಅನ್ನಬಹುದು. ಹಿರಿಯರೊಬ್ಬರ ಬಾಯಲ್ಲಿ ಈ ‘ನನಗೆ ಗೊತ್ತಿಲ್ಲ’ ಕೇಳಿದರೆ ಮಾತ್ರ ಕಿರಿಯರಿಗೆ ಬಾಯಿ ಬಿಡುವ ಧೈರ್ಯ ಬರುತ್ತದೆ.

ಮೊದಲ ಬೆಳಗನ್ನು ಪದಗಳಿಗೆ ಕೊಡುವುದು ಲೇಸು. ‘ಮಾಡೆಲ್’ ಎಂಬ ಒಂದು ಪದ ಸಾಕು ಉದಾಹರಣೆಗೆ. ವಾಸ್ತುಶಿಲ್ಪಿಗೆ ಮಾಡೆಲ್ ಅಂದರೆ ಒಂದಕ್ಕೆ ನೂರರ ಅಳತೆಯ ರಟ್ಟಿನ ಮನೆ. ಅರ್ಥಶಾಸ್ತ್ರಜ್ಞೆಗೆ ನಾಲ್ಕಾರು ಸಮೀಕರಣ. ಜೀವವಿಜ್ಞಾನಿಗೆ ಬಾಟಲಿಯೊಳಗಿನ ಹಣ್ಣಿನ ನೊಣ, ಇಲ್ಲವೆ ಪಂಜರದ ಇಲಿ: ಬದುಕಿರುವ, ಉಸಿರಾಡುವ ಮಾಡೆಲ್. ಇವರೆಲ್ಲರಿಗೂ ಒಂದು ಸಾಮ್ಯವುಂಟು. ಜಗತ್ತು ಅಸಲಿ, ಮಾಡೆಲ್ ಅದರ ಬದಲಿ. ಅಷ್ಟರಲ್ಲಿ ತರ್ಕಶಾಸ್ತ್ರದವನು ಕೈ ಎತ್ತುತ್ತಾನೆ. ಅವನ ಮಟ್ಟಿಗೆ ದಿಕ್ಕೇ ತಿರುವುಮುರುವು. ಮೊದಲು ವಾಕ್ಯಗಳು, ಆ ವಾಕ್ಯಗಳೆಲ್ಲ ಎಲ್ಲಿ ನಿಜವಾಗುತ್ತವೋ ಆ ರಚನೆಗೆ ಮಾಡೆಲ್ ಅಂತ ಹೆಸರು. ಅಂದರೆ ಉಳಿದವರು ಯಾವುದನ್ನು ‘ಜಗತ್ತು’ ಅನ್ನುತ್ತಿದ್ದರೋ ಅದಕ್ಕೆ ಹತ್ತಿರದ್ದನ್ನು ಅವನು ಮಾಡೆಲ್ ಅನ್ನುತ್ತಾನೆ. ಇದನ್ನು ಮೊದಲ ದಿನ ಬಿಡಿಸದಿದ್ದರೆ ಐದನೆಯ ದಿನ ಇಬ್ಬರು ಒಪ್ಪಿಕೊಂಡು ಕೈಕುಲುಕುತ್ತಾರೆ, ಬೇರೆ ಬೇರೆ ವಿಷಯಗಳಿಗೆ. ಜಗಳವಾದರೂ ಪರವಾಗಿಲ್ಲ, ಸರಿ ಮಾಡಬಹುದು. ಈ ಸುಳ್ಳು ಒಪ್ಪಂದ ವರದಿಯಾಗಿ ಅಚ್ಚಾಗಿ ಬಿಡುತ್ತದೆ.

ಭಾಷೆಯದು ಇನ್ನೊಂದು ತೊಡಕು. ಆಲ್ಪ್‌ಬಾಖ್‌ನಲ್ಲಿ ಮೊದಲು ಜರ್ಮನ್ನಿನ ಕಾರುಬಾರು, ಈಗ ಹೆಚ್ಚೂಕಡಿಮೆ ಇಂಗ್ಲಿಷಿನದು. ಎರಡನೆಯ ಭಾಷೆಯಲ್ಲಿ ಮಾತಾಡುವವರಿಗೆ ವಾಕ್ಯ ಕಟ್ಟಲು ಎರಡು ಮೂರು ಸೆಕೆಂಡು ಹೆಚ್ಚು ಬೇಕು. ಆ ಮೌನವನ್ನು ತಡೆಯಲಾರದ ನಿರ್ವಾಹಕ ಅಷ್ಟರಲ್ಲಿ ಪಕ್ಕದವರಿಗೆ ಮೈಕು ಕೊಟ್ಟಿರುತ್ತಾನೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಯಾರಿಗೂ ಆ ಎರಡು ಸೆಕೆಂಡು ಎಷ್ಟು ಉದ್ದ ಅಂತ ವಿವರಿಸಬೇಕಾಗಿಲ್ಲ. ಇದಕ್ಕೆ ಮದ್ದು ಸುಲಭ: ಪ್ರಶ್ನೆ ಕೇಳುವ ಮುನ್ನ ಎಲ್ಲರೂ ಎರಡು ನಿಮಿಷ ಕಾಗದದ ಮೇಲೆ ಬರೆದುಕೊಳ್ಳಲಿ. ಆಮೇಲೆ ಕೈ ಎತ್ತುವವರ ಪಟ್ಟಿಯೇ ಬದಲಾಗುತ್ತದೆ.

ಕರವಸ್ತ್ರದ ಉಪಾಯ

ಹಳ್ಳಿ ಮಾಡುವ ಕೆಲಸವನ್ನು ಸಣ್ಣ ಉಪಾಯಗಳಿಂದ ಮಾಡಿಸಿದವರೂ ಇದ್ದಾರೆ. ಜರ್ಮನಿಯ ಕಪ್ಪು ಕಾಡಿನ ಓಬರ್‌ವೋಲ್ಫಾಖ್‌ನಲ್ಲಿ 1944ರಲ್ಲಿ ಶುರುವಾದ ಗಣಿತ ಸಂಸ್ಥೆಯಿದೆ. ವಾರಕ್ಕೆ ಐವತ್ತರ ಸುಮಾರಿಗೆ ಗಣಿತಜ್ಞರು ಬಂದು ಉಳಿಯುತ್ತಾರೆ. ಊಟಕ್ಕೆ ಯಾರು ಎಲ್ಲಿ ಕೂರಬೇಕೆಂಬುದನ್ನು ಅವರು ತೀರ್ಮಾನಿಸುವುದಿಲ್ಲ. ಹೆಸರು ಬರೆದ ಚೀಲದಲ್ಲಿ ಅವರವರ ಊಟದ ಕರವಸ್ತ್ರವಿರುತ್ತದೆ, ಅಡುಗೆ ಮನೆಯವರು ಅದನ್ನು ಹೊತ್ತುಹೊತ್ತಿಗೂ ಮನಬಂದ ಮೇಜಿನಲ್ಲಿಟ್ಟು ಹೋಗುತ್ತಾರೆ. ನಿಮ್ಮ ಕರವಸ್ತ್ರ ಎಲ್ಲಿದೆಯೋ ಅಲ್ಲಿ ನೀವು. ಕಂಬದ ಸುತ್ತಿನ ಗುಂಪಿಗೆ ಅಲ್ಲಿಗೆ ಮಂಗಳ. ಬುಧವಾರ ಮಧ್ಯಾಹ್ನ ಪ್ರವಚನವಿಲ್ಲ. ಗುಡ್ಡದ ದಾರಿ ಹಿಡಿದು ನಡೆಯುವುದು, ದಾರಿಯ ಕೊನೆಗೆ ಚೆರ್ರಿ ಹಾಕಿದ ಕೇಕು. ಹೆಸರಿನ ಸ್ಟಿಕ್ಕರು, ಐವತ್ತು ಬಟ್ಟೆಯ ತುಂಡು, ಹಟ ಹಿಡಿದ ಒಬ್ಬ ಅಡುಗೆಯವರು: ಇಷ್ಟಕ್ಕೆ ಅನುದಾನ ಆಯೋಗದ ಮಂಜೂರಾತಿ ಬೇಕಾಗಿಲ್ಲ.

ಬೆಟ್ಟದ ಮೇಲೆ ಕೂಡಿದರೂ ಮಾತು ಸೇರದ ಪ್ರಸಂಗವೂ ಉಂಟು. ಸ್ವಿಟ್ಜರ್ಲೆಂಡಿನ ದಾವೋಸ್, 1929ರ ವಸಂತ. ಇವತ್ತಿನ ಶ್ರೀಮಂತರ ದಾವೋಸ್ ಅಲ್ಲ. ಕ್ಷಯರೋಗದ ಆರೋಗ್ಯಧಾಮಗಳ ಊರು. ಅಲ್ಲಿಯ ವಿಶ್ವವಿದ್ಯಾಲಯ ಶಿಬಿರವನ್ನು ಹಿಂದಿನ ವರ್ಷ ಐನ್‌ಸ್ಟೈನ್ ಉದ್ಘಾಟಿಸಿದ್ದರು. ಈ ಸಲ ಜರ್ಮನ್ ದಾರ್ಶನಿಕರಾದ ಎರ್ನ್ಸ್ಟ್ ಕಸೀರರ್ ಮತ್ತು ಮಾರ್ಟಿನ್ ಹೈಡೆಗರ್ ಎದುರುಬದುರು. ಮನುಷ್ಯ ಎಂದರೇನು ಎಂಬ ಕಾಂಟನ ಪ್ರಶ್ನೆಯ ಮೇಲೆ ಇಬ್ಬರೂ ಬಹಳ ಸೌಜನ್ಯದಿಂದ ವಾದಿಸಿದರು. ಕಸೀರರ್ ಕೆಲವು ದಿನ ಜ್ವರದಿಂದ ಕೋಣೆಯಲ್ಲೇ ಉಳಿದ, ಹೈಡೆಗರ್ ಬಿಡುವಿನಲ್ಲಿ ಸ್ಕೀ ಮಾಡಲು ಹೋದ. ಕೊನೆಗೆ ವಿದ್ಯಾರ್ಥಿಗಳು ಇಬ್ಬರನ್ನೂ ಅಣಕಿಸಿ ಒಂದು ಪ್ರಹಸನ ಆಡಿದರು. ಮುಂದೆ ದಾರ್ಶನಿಕನಾಗಿ ಹೆಸರಾದ ತರುಣ ಲೆವಿನಾಸ್ ತಲೆಗೆ ಬಿಳಿ ಪುಡಿ ಹಾಕಿಕೊಂಡು ಕಸೀರರ್ ಆದ. ನಾಲ್ಕು ವರ್ಷದಲ್ಲಿ ಹೈಡೆಗರ್ ನಾತ್ಸಿ ಪಕ್ಷದಲ್ಲಿದ್ದ, ಯಹೂದಿ ಕಸೀರರ್ ದೇಶ ಬಿಟ್ಟಿದ್ದ. ತಣ್ಣನೆಯ ಗಾಳಿ, ಒಳ್ಳೆಯ ಊಟ, ಸಾಕಷ್ಟು ಬಿಡುವು ಎಲ್ಲವೂ ಇತ್ತು. ಹಾಸಿಗೆ ಮತ್ತು ರಸ್ತೆಯ ಲೆಕ್ಕ ಅಂತ ನಾನು ಇಷ್ಟು ಹೊತ್ತು ಹೇಳಿದ್ದಕ್ಕೆ ಈ ಒಂದು ಪ್ರಸಂಗ ಅಡ್ಡ ನಿಲ್ಲುತ್ತದೆ. ಇರಲಿ, ನಿಲ್ಲಲಿ.

ಚರ್ಚಿನ ಹಿತ್ತಲು

ಆಲ್ಪ್‌ಬಾಖ್‌ನ ಸೇಂಟ್ ಓಸ್ವಾಲ್ಡ್ ಚರ್ಚಿನ ಸುತ್ತ ಚಿಕ್ಕ ಸ್ಮಶಾನವಿದೆ. ತಿರೋಲಿನ ಸ್ಮಶಾನಗಳ ಪದ್ಧತಿಯಂತೆ ಕಬ್ಬಿಣ ಬಡಿದು ಬಳ್ಳಿ ಬಿಡಿಸಿದ ಶಿಲುಬೆಗಳು, ಬುಡದಲ್ಲಿ ಹೂವಿನ ಪಾತಿ. ಅದರಲ್ಲೊಂದು ಶಿಲುಬೆಯ ನಡುವಿನ ದುಂಡು ಫಲಕದ ಮೇಲೆ ಒಂದು ಸಮೀಕರಣ. ಎಡಗಡೆಯ ‘ಸೈ’ ಎಂಬ ಗ್ರೀಕ್ ಅಕ್ಷರದ ತಲೆಯ ಮೇಲೆ ಒಂದೇ ಒಂದು ಚುಕ್ಕೆ. ಕಾಲದೊಂದಿಗೆ ಬದಲಾಗುವ ದರ ಎಂಬುದಕ್ಕೆ ನ್ಯೂಟನ್ ಕಾಲದಿಂದ ಬಂದ ಗುರುತು. ಸತ್ತವರನ್ನು ಹೂಳುವ ಜಾಗದಲ್ಲಿ ಆ ಚುಕ್ಕೆ ಕಣ್ಣಿಗೆ ಚುಚ್ಚುತ್ತದೆ. ಕ್ವಾಂಟಂ ಭೌತವಿಜ್ಞಾನಿ ಎರ್ವಿನ್ ಶ್ರೋಡಿಂಗರ್ ಸಮಾಧಿ ಅದು. 1956ರಲ್ಲಿ ಡಬ್ಲಿನ್ನಿನಿಂದ ವಿಯೆನ್ನಾಕ್ಕೆ ಮರಳಿದ ಶ್ರೋಡಿಂಗರ್‌ಗೆ ಈ ಊರು ಬಲು ಪ್ರೀತಿಯದು. 1961ರ ಜನವರಿ 4ರಂದು ವಿಯೆನ್ನಾದಲ್ಲಿ ತೀರಿಕೊಂಡ. ಶವ ಇಲ್ಲಿಗೆ ಬಂತು. ಚರ್ಚಿಗೆ ನಡೆದುಕೊಂಡವನಲ್ಲವೆಂದು ಪಾದ್ರಿಗಳು ಹಿಂದೆ ಮುಂದೆ ನೋಡಿದರಂತೆ; ಸತ್ತವನು ಪೋಪರ ವಿಜ್ಞಾನ ಅಕಾಡೆಮಿಯ ಸದಸ್ಯ ಎಂದು ತಿಳಿದ ಮೇಲೆ ಜಾಗ ಕೊಟ್ಟರಂತೆ.

ಹತ್ತಿರದ ಫಲಕದಲ್ಲಿ ಅವನದೇ ಕವಿತೆಯ ಸಾಲುಗಳಿವೆ. ಇರುವುದೆಲ್ಲ ಒಂದೇ ಒಂದು ಇರವು ಅನ್ನುವ ಧಾಟಿ. ಉಪನಿಷತ್ತು ಓದಿದವನ ಸಾಲು ಅಂತ ನಮ್ಮ ಕಡೆಯವರಿಗೆ ಕೂಡಲೇ ಹೊಳೆಯುತ್ತದೆ, ಅದು ನಿಜವೂ ಹೌದು. 1944ರಲ್ಲಿ ಜೀವದ ಭೌತವಿಜ್ಞಾನ ಕುರಿತು ಬರೆದ ಪುಟ್ಟ ಪುಸ್ತಕದ ಕೊನೆಗೆ ಆತ್ಮವೇ ಬ್ರಹ್ಮ ಎಂಬ ಮಾತನ್ನು ಎತ್ತಿಕೊಂಡವನು ಅವನು. ಆದರೆ ‘ಕ್ವಾಂಟಂ ವೇದದಲ್ಲೇ ಇತ್ತು’ ಅಂತ ವಾಟ್ಸಾಪಿನಲ್ಲಿ ಓಡಾಡುವ ಸಂದೇಶಕ್ಕೆ ಈ ಸಮಾಧಿ ಸಾಕ್ಷಿ ಹೇಳುವುದಿಲ್ಲ. ಶ್ರೋಡಿಂಗರ್ ಸಮೀಕರಣವನ್ನು ಶಿಲುಬೆಯ ಫಲಕದ ಮೇಲೆಯೂ ಕವಿತೆಯನ್ನು ಬೇರೆ ಫಲಕದ ಮೇಲೆಯೂ ಇಟ್ಟಿದ್ದಾರೆ. ಎರಡರ ನಡುವೆ ಬರಾಬರಿ ಚಿಹ್ನೆ ಯಾರೂ ಹಾಕಿಲ್ಲ. ಎರಡು ಶಾಸ್ತ್ರಗಳನ್ನು ಪಕ್ಕಪಕ್ಕ ಇಡುವುದಕ್ಕೂ ಕಲಸಿ ಹಾಕುವುದಕ್ಕೂ ಇರುವ ವ್ಯತ್ಯಾಸ ಇಷ್ಟು ಚೆನ್ನಾಗಿ ಕಾಣುವ ಜಾಗ ಇನ್ನೊಂದಿಲ್ಲ.

ಇದೇ ಊರಲ್ಲಿ ಮನೆ ಕಟ್ಟಿಸಿಕೊಂಡಿದ್ದ ಲೇಖಕ ಆರ್ಥರ್ ಕೋಸ್ಲರ್ 1968ರಲ್ಲಿ ಫೋರಂನಿಂದ ಬೇರೆಯಾಗಿ ಒಂದು ಕೂಟ ಕರೆದ. ಬದುಕನ್ನು ಬಿಡಿಬಿಡಿ ತುಂಡುಗಳ ಲೆಕ್ಕದಲ್ಲಿ ವಿವರಿಸಿ ಮುಗಿಸಬಹುದೇ ಎಂಬ ಪ್ರಶ್ನೆ. ಬಂದವರಲ್ಲಿ ವ್ಯವಸ್ಥಾ ಸಿದ್ಧಾಂತದ ಬೆರ್ಟಲಾನ್ಫಿ, ಭ್ರೂಣವಿಜ್ಞಾನದ ವಾಡಿಂಗ್ಟನ್, ಮನಶ್ಶಾಸ್ತ್ರದ ಬ್ರೂನರ್, ಮನೋವೈದ್ಯ ಫ್ರಾಂಕ್ಲ್, ಅರ್ಥಶಾಸ್ತ್ರದ ಹಾಯೆಕ್. ಹದಿನೈದರ ಆಸುಪಾಸಿನ ಮಂದಿ, ಒಂದು ಮೇಜಿನ ಸುತ್ತ ಹಿಡಿಯುವಷ್ಟು. ಮುಂದೆ ಅಚ್ಚಾದ ಸಂಪುಟದಲ್ಲಿ ಪ್ರಬಂಧಗಳ ಜೊತೆ ಚರ್ಚೆಯೂ ಇದೆ. ನಮ್ಮ ಸಂಕಿರಣ ಸಂಪುಟಗಳಲ್ಲಿ ಪ್ರಬಂಧ ಮಾತ್ರ ಉಳಿದು ಚರ್ಚೆ ಗಾಳಿಗೆ ಹೋಗುತ್ತದೆ. ಟೇಪು ಬರೆದಿಳಿಸುವುದು ಬೇಸರದ ಕೆಲಸ, ನಿಜ. ಒಂದು ಗಂಟೆಯ ಧ್ವನಿಗೆ ನಾಲ್ಕೈದು ಗಂಟೆ ಬೇಕು.

ದೊಡ್ಡದಾದ ಮೇಲೆ

1999ರಲ್ಲಿ ಊರಿಗೆ ಸಮ್ಮೇಳನ ಕೇಂದ್ರ ಬಂತು. ಕಟ್ಟಡ ನಿಯಮವಿದ್ದ ಊರಾದ್ದರಿಂದ ಅದನ್ನು ಬಹುಪಾಲು ಗುಡ್ಡದ ಒಳಗೇ ಹುದುಗಿಸಿದ್ದಾರೆ, ಮೇಲೆ ಹುಲ್ಲು. ಚೆಂದದ ಕೆಲಸ. ಜೊತೆಗೆ ದೊಡ್ಡ ಸಭಾಂಗಣ, ಒಳ್ಳೆಯ ಪರದೆ, ಸಾವಿರಗಟ್ಟಲೆ ಜನ, ಪ್ರಾಯೋಜಕರು, ಮಂತ್ರಿಗಳು. ಮಂತ್ರಿ ಬಂದರೆ ಕಾರು ಬರುತ್ತದೆ, ಕಾರು ಬಂದರೆ ಅವರು ಸಂಜೆಯೇ ಹೋಗಬಹುದು. ಒಂದು ದಿನಕ್ಕೆ ಬಂದು ಹೋಗುವ ಅತಿಥಿ ಇಂಥ ಕೂಟಕ್ಕೆ ತರುವ ನಷ್ಟ ಲೆಕ್ಕಕ್ಕೆ ಸಿಗುವುದಿಲ್ಲ. ಹತ್ತು ಜನ ಹಾಗೆ ಬಂದು ಹೋದರೆ ಉಳಿದವರೂ ರಸ್ತೆಯಲ್ಲಿ ಎದುರಾದವರನ್ನು ‘ಇವರು ನಾಳೆ ಇರುತ್ತಾರೋ ಇಲ್ಲವೋ’ ಅಂತ ನೋಡತೊಡಗುತ್ತಾರೆ, ಮಾತು ವಿಸಿಟಿಂಗ್ ಕಾರ್ಡಿನ ಅಳತೆಗೆ ಇಳಿಯುತ್ತದೆ. 2020ರಲ್ಲಿ ಕೊರೊನಾದಿಂದಾಗಿ ಕೂಟದ ಬಹುಪಾಲು ಆನ್‌ಲೈನಿಗೆ ಹೋಯಿತು. ಭಾಷಣಗಳಿಗೆ ಧಕ್ಕೆಯಾಗಲಿಲ್ಲ. ಪರದೆಯಲ್ಲಿ ರಸ್ತೆ ಇರಲಿಲ್ಲ, ಅಷ್ಟೆ.

ಈ ದೊಡ್ಡಸ್ತಿಕೆಯ ನಡುವೆಯೂ ಆಲ್ಪ್‌ಬಾಖ್ ಉಳಿಸಿಕೊಂಡ ಒಂದು ಒಳ್ಳೆಯ ಅಭ್ಯಾಸ ವಿದ್ಯಾರ್ಥಿವೇತನ. ಪ್ರತಿ ವರ್ಷ ನೂರಾರು ತರುಣರು ಇದರ ಮೇಲೆ ಬರುತ್ತಾರೆ, ಒಂದು ದಿನಕ್ಕಲ್ಲ, ಉಳಿಯಲಿಕ್ಕೆ. ಊರಿನ ಮಾತನ್ನು ಈಗ ಹಿಡಿದಿಟ್ಟವರು ಅವರೇ.

ಹೋಗುವವರಿಗೆ

ವಿದ್ಯಾರ್ಥಿವೇತನದ ಅರ್ಜಿ ವರ್ಷದ ಮೊದಲ ತಿಂಗಳುಗಳಲ್ಲೇ ಹಾಕಬೇಕು. ಏಪ್ರಿಲ್–ಮೇನಲ್ಲಿ ಎಚ್ಚರವಾದವರಿಗೆ ಮುಂದಿನ ವರ್ಷವೇ ಗತಿ. ಷೆಂಗೆನ್ ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಕೊಡಬಹುದು. ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಅದನ್ನು ಮೊದಲು ಹಿಡಿಯಿರಿ. ವಿಮೆ ಕನಿಷ್ಠ 30,000 ಯೂರೊಗಳದ್ದಿರಬೇಕು. ಆಹ್ವಾನ ಪತ್ರದಲ್ಲಿ ವಸತಿ ಯಾರದು, ಊಟ ಯಾರದು ಅಂತ ಬಿಡಿಸಿ ಬರೆಸಿಕೊಳ್ಳಿ. ‘ಪಾಲ್ಗೊಳ್ಳಲು ಆಹ್ವಾನಿಸುತ್ತೇವೆ’ ಎಂಬ ಒಂದು ಸಾಲಿನ ಪತ್ರ ಇಟ್ಟರೆ ಬ್ಯಾಂಕ್ ಖಾತೆಯ ಮೇಲೆ ಪ್ರಶ್ನೆ ಬರುತ್ತದೆ.

ವಿಯೆನ್ನಾದಿಂದ ವೇಗದ ರೈಲಿನಲ್ಲಿ ವೋರ್ಗ್‌ಲ್‌ವರೆಗೆ ಸುಮಾರು ನಾಲ್ಕು ಗಂಟೆ. ಅಲ್ಲಿ ಇಳಿದು ಲೋಕಲ್ ಹಿಡಿದು ಬ್ರಿಕ್ಸ್‌ಲೆಗ್. ವೇಗದ ರೈಲು ಅಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಮರೆತವರು ಮುಂದಿನ ಯೆನ್‌ಬಾಖ್‌ನಲ್ಲಿಳಿದು ವಾಪಸು ಬರಬೇಕು. ಮ್ಯೂನಿಕ್ ಕಡೆಯಿಂದಲೂ ಕೂಫ್‌ಸ್ಟೈನ್ ದಾಟಿ ವೋರ್ಗ್‌ಲ್‌ಗೇ ಬರುವುದು. ಬ್ರಿಕ್ಸ್‌ಲೆಗ್ ನಿಲ್ದಾಣದಿಂದ ಬಸ್ಸು ರೈತ್ ಊರಿನ ಮೂಲಕ ಹತ್ತುತ್ತದೆ. ಆಗಸ್ಟ್ 15 ಅಲ್ಲೂ ರಜೆ, ಮೇರಿಮಾತೆಯ ಹಬ್ಬ. ಆ ದಿನ ಮತ್ತು ಭಾನುವಾರ ಅಂಗಡಿ ತೆರೆಯುವುದಿಲ್ಲ, ಬಸ್ಸೂ ಕಡಿಮೆ.

ಸಸ್ಯಾಹಾರಿಗಳಿಗೆ ಒಂದು ಗುಟ್ಟು. ಕಾಸ್‌ಪ್ರೆಸ್‌ಕ್ನೋಡೆಲ್ ಅಂತ ಹಳೆಯ ಬ್ರೆಡ್ಡು, ಚೀಸ್, ಮೊಟ್ಟೆ ಕಲಸಿ ತಟ್ಟಿ ಕರಿದ ವಡೆಯಂಥ ತಿಂಡಿ ಸಿಗುತ್ತದೆ. ಮೊಟ್ಟೆ ತಿನ್ನುವವರಿಗೆ ವಡೆ ನಿರಪಾಯ. ಅದನ್ನು ಮುಳುಗಿಸಿ ಕೊಡುವ ತಿಳಿಸಾರು ಸಾಮಾನ್ಯವಾಗಿ ದನದ ಮೂಳೆ ಕುದಿಸಿದ್ದು. ‘ಸಾರು ಬೇಡ, ಸಲಾಡ್ ಜೊತೆ ಕೊಡಿ’ ಅಂತ ಮೊದಲೇ ಹೇಳಿ. ಹಾಗೆ ಕೊಡುವ ವಾಡಿಕೆಯೂ ಇದೆ.

ಮಧ್ಯಾಹ್ನದ ಬಿಸಿಲು ನೋಡಿ ಮೋಸ ಹೋಗಬಾರದು. ಮೂರು ನಾಲ್ಕು ಗಂಟೆಗೆ ಗುಡುಗು ಕಟ್ಟುತ್ತದೆ, ಸಂಜೆ ಸ್ವೆಟರು ಬೇಕೇ ಬೇಕು. ಊರಿನ ಬೆಟ್ಟ ಗ್ರಾಟ್ಲ್‌ಶ್ಪಿಟ್ಸ್, 1,899 ಮೀಟರ್. ಹಳ್ಳಿಯಿಂದ ಒಂಬೈನೂರು ಮೀಟರಿಗೂ ಹೆಚ್ಚಿನ ಏರು. ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನದೊಳಗೆ ಇಳಿಯಬೇಕು. ಸಂಕಿರಣಕ್ಕೆಂದು ತಂದ ಚರ್ಮದ ಅಡಿಯ ಬೂಟು ಒದ್ದೆ ಹುಲ್ಲಿನ ಮೇಲೆ ಸೋಪಿನಂತೆ ಜಾರುತ್ತದೆ.

ವಸತಿ ಆರಿಸುವಾಗ ಎಲ್ಲರೂ ಚರ್ಚಿನ ಹತ್ತಿರದ ಕೋಣೆಗೇ ಮುಗಿಬೀಳುತ್ತಾರೆ. ಕಣಿವೆಯ ಒಳಗೆ ಮೂರು ಕಿಲೋಮೀಟರು ಮುಂದೆ ಇನ್ನರ್‌ಆಲ್ಪ್‌ಬಾಖ್ ಎಂಬ ಕೇರಿಯಿದೆ. ಅಲ್ಲಿ ಕೋಣೆ ಸಿಕ್ಕವರು ಮುಖ ಸಣ್ಣ ಮಾಡುವುದುಂಟು. ಬೇಡ, ಅದನ್ನೇ ತೆಗೆದುಕೊಳ್ಳಿ. ರಾತ್ರಿ ಬಸ್ಸು ತಪ್ಪಿದರೆ ನಲವತ್ತು ನಿಮಿಷದ ನಡಿಗೆ, ದೀಪ ಕಡಿಮೆ, ಟಾರ್ಚ್ ಇರಲಿ. ಬಸ್ಸು ತಪ್ಪಿದವರು ನೀವೊಬ್ಬರೇ ಆಗಿರುವುದಿಲ್ಲ.